ಕಲ್ಲಾರಿನ ಮದ್ದು, ಅಗಸ್ತ್ಯ ಬೆಟ್ಟದ ಗಿಡ

ತಿರುವನಂತಪುರದಿಂದ ಪೊನ್ಮುಡಿಗೆ ಹೋಗುವ ದಾರಿಯಲ್ಲಿ ಕಲ್ಲಾರ್ ಸಿಗುತ್ತದೆ. ಪ್ರವಾಸಿಗರು ಹೊಳೆ ನೋಡಿ ಮುಂದೆ ಹೋಗುತ್ತಾರೆ. ಮದ್ದು ಬೇಕಾದವರು ಕಾಡಿನೊಳಗೆ ಲಕ್ಷ್ಮಿಕುಟ್ಟಿ ಅಮ್ಮನ ಮನೆ ಹುಡುಕುತ್ತಾರೆ. ಕಾಣಿ ಬುಡಕಟ್ಟಿನ ಇವರಿಗೆ 2018ರಲ್ಲಿ ಪದ್ಮಶ್ರೀ ಬಂತು. ತಾಯಿಯಿಂದ ಕಲಿತ ಐನೂರಕ್ಕೂ ಹೆಚ್ಚು ಮದ್ದುಗಳು ಅವರ ಬಾಯಲ್ಲೇ ಇವೆ ಎನ್ನುತ್ತಾರೆ. ಹಾವಿನ ವಿಷ ಇಳಿಸುವುದರಲ್ಲಿ ಹೆಸರಾದವರು. (ಹಾವು ಕಚ್ಚಿದರೆ ಈಗ ಮೊದಲು ಆಸ್ಪತ್ರೆಗೆ ಓಡಬೇಕು, ಅದರಲ್ಲಿ ಎರಡು ಮಾತಿಲ್ಲ.)

ನಮ್ಮ ಕಡೆಯ ಎಷ್ಟೋ ನಾಟಿ ವೈದ್ಯರು ಮದ್ದಿನ ಗುಟ್ಟು ಹೇಳಿದರೆ ಗುಣ ಹೋಗುತ್ತದೆಂದು ನಂಬಿದವರು. ಈ ಅಜ್ಜಿ ಕೇರಳ ಜಾನಪದ ಅಕಾಡೆಮಿಯಲ್ಲಿ ಪಾಠವನ್ನೇ ಹೇಳಿದರು.

ಗುಟ್ಟು ಹೊರಗೆ ಬಂದರೆ ಏನೇನಾಗುತ್ತದೆಂದು ಕಾಣಿಗಳು ಅನುಭವದಿಂದ ಬಲ್ಲರು. 1987ರಲ್ಲಿ ಸಸ್ಯವಿಜ್ಞಾನಿ ಪಿ. ಪುಷ್ಪಾಂಗದನ್ ಅವರ ತಂಡ ಅಗಸ್ತ್ಯ ಬೆಟ್ಟ ಹತ್ತುತ್ತಿತ್ತು. ವಿಜ್ಞಾನಿಗಳು ಏದುಸಿರು ಬಿಡುತ್ತಿದ್ದರೆ, ದಾರಿ ತೋರಿಸುತ್ತಿದ್ದ ಕಾಣಿಗಳು ಸಣ್ಣದೊಂದು ಕಾಯಿ ಅಗಿಯುತ್ತ ಆರಾಮವಾಗಿ ನಡೆಯುತ್ತಿದ್ದರು. ಕೇಳಿದರೆ ಮೊದಲು ಬಾಯಿ ಬಿಡಲಿಲ್ಲ. ಕೊನೆಗೆ ತೋರಿಸಿದ್ದು ಆರೋಗ್ಯಪ್ಪಚ್ಚ: ತೊರೆಯ ಬದಿ, ಮರದ ನೆರಳಲ್ಲಿ ನೆಲಕ್ಕಂಟಿಕೊಂಡು ಬೆಳೆಯುವ, ಹೃದಯದಾಕಾರದ ಎಲೆಯ ಗಿಡ್ಡ ಗಿಡ.

ಪಾಲೋಡಿನ ಸಸ್ಯೋದ್ಯಾನ ಸಂಸ್ಥೆ ಇದರ ಎಲೆಗೆ ಅಶ್ವಗಂಧ ಮೊದಲಾದವನ್ನು ಸೇರಿಸಿ 'ಜೀವನಿ' ಎಂಬ ಔಷಧ ಮಾಡಿತು. ತಯಾರಿಕೆಯ ಹಕ್ಕು ಕೊಯಮತ್ತೂರಿನ ಆರ್ಯ ವೈದ್ಯ ಫಾರ್ಮಸಿಗೆ ಹೋಯಿತು: 10 ಲಕ್ಷ ರೂಪಾಯಿ ಶುಲ್ಕ, ಮಾರಾಟದ ಮೇಲೆ ಶೇ 2 ರಾಯಧನ. ಎರಡರಲ್ಲೂ ಅರ್ಧ ಪಾಲು ಕಾಣಿಗಳಿಗೆ. ಅದಕ್ಕೆಂದೇ 1997ರಲ್ಲಿ ಅವರ ಟ್ರಸ್ಟ್ ನೋಂದಣಿಯಾಯಿತು. ವಿದ್ಯೆ ಕೊಟ್ಟವರನ್ನು ನೆನೆದದ್ದು ಇದೇ ಮೊದಲಲ್ಲ: ಹದಿನೇಳನೇ ಶತಮಾನದಲ್ಲಿ ಕೊಚ್ಚಿಯ ಡಚ್ಚರು ಮಲಬಾರಿನ ಗಿಡಗಳ ಬಗ್ಗೆ 'ಹೋರ್ತುಸ್ ಮಲಬಾರಿಕುಸ್' ಸಂಪುಟಗಳನ್ನು ಮಾಡಿಸಿದಾಗ ವೈದ್ಯ ಇಟ್ಟಿ ಅಚ್ಯುದನ್ ಮತ್ತು ಮೂವರು ಕೊಂಕಣಿ ಪಂಡಿತರ ಹೆಸರು ಅಚ್ಚಾಗಿತ್ತು. ಕಾಣಿಗಳಿಗೆ ಹೆಸರಿನ ಜೊತೆ ದುಡ್ಡೂ ಬಂತು. ಆದರೂ ಕಾಣಿಗಳ ವೈದ್ಯರಾದ ಪ್ಲಾತಿಗಳಲ್ಲಿ ಕೆಲವರು ತಕರಾರು ತೆಗೆದರು. ಮದ್ದಿನ ವಿದ್ಯೆ ಪ್ಲಾತಿಗಳದ್ದು, ಕಂಪನಿಗೆ ಮಾರಲು ಉಳಿದವರು ಯಾರು ಎಂಬುದು ಅವರ ವಾದ. ತಳ್ಳಿಹಾಕುವ ಮಾತಲ್ಲ.

ನಿಜವಾಗಿ ಎಡವಿದ್ದು ಮಾತ್ರ ಬೆಳೆಸುವುದರಲ್ಲಿ. ಎಲೆ ಕೊಯ್ದರೆ ಗಿಡ ಮತ್ತೆ ಚಿಗುರುತ್ತದೆ, ಹಾಗಾಗಿ ಕಾಣಿ ಕುಟುಂಬಗಳು ನೆಟ್ಟು ಮಾರಬಹುದಿತ್ತು, ನೆಡಲು ಶುರುವೂ ಮಾಡಿದ್ದವು. ಬೇಸಾಯದ ನೆಪದಲ್ಲಿ ಕಾಡಿನ ಗಿಡವನ್ನೇ ಬೇರುಸಹಿತ ಕಿತ್ತು ಸಾಗಿಸಿಯಾರು ಎಂದು ಅರಣ್ಯ ಇಲಾಖೆ ಒಪ್ಪಲಿಲ್ಲ. ಆ ಭಯ ಸುಳ್ಳೇನಲ್ಲ. ಬಯಲಿಗೆ ತಂದು ನೆಡೋಣವೆಂದರೆ, ಬೆಟ್ಟದ ತಂಪು, ನೆರಳು ಬಿಟ್ಟರೆ ಈ ಗಿಡಕ್ಕೆ ಮದ್ದಿನ ಗುಣ ಬರುವುದಿಲ್ಲ ಎನ್ನುತ್ತಾರೆ. ಮದ್ದು ತಯಾರಾಗಿತ್ತು, ಕೊಳ್ಳುವವರಿದ್ದರು, ಸೊಪ್ಪು ಸಾಲಲಿಲ್ಲ.

ಗಿಡಮೂಲಿಕೆ ಕಲಿಯಲು ಹೊರಟವರು ಕಷಾಯದ ಅಳತೆ ಬರೆದುಕೊಳ್ಳುವ ಮೊದಲು ಒಂದು ಗಿಡವನ್ನು ನಾಲ್ಕು ಋತು ನೋಡಿಕೊಳ್ಳಲಿ ಎನ್ನುವುದು ಇದಕ್ಕೇ. ಗಿಡ ನೋಡಲು ಹೊರಟವರಿಗೆ ಪಾಲೋಡಿನ ಉದ್ಯಾನ ಸುಮಾರು 300 ಎಕರೆಯಷ್ಟಿದೆ, ಕಲ್ಲಾರಿನಿಂದ ದೂರವೇನಲ್ಲ.