ಕಬ್ಬಿಣದ ಬೆಟ್ಟದ ಮಗ್ಗುಲಲ್ಲಿ ರಕ್ತಹೀನತೆ

ಕಳಸದ ನೆರೆಯ ಕುದುರೆಮುಖದಲ್ಲಿ 2005ರವರೆಗೆ ಕಬ್ಬಿಣದ ಅದಿರನ್ನು ಅಗೆದರು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನರು.

ಇದಕ್ಕೆ ಆಹಾರದ ಕೊರತೆಯೊಂದೇ ಕಾರಣವಲ್ಲ. ದೀರ್ಘಕಾಲದ ಉರಿಯೂತವಿದ್ದಲ್ಲಿ ಯಕೃತ್ತಿನ ಕೋಶಗಳು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಅಧಿಕವಾಗಿ ಸ್ರವಿಸಿ, ಕಬ್ಬಿಣವು ರಕ್ತಕ್ಕೆ ಸೇರದಂತೆ ಬೀಗ ಜಡಿಯುತ್ತವೆ. ಮಾತ್ರೆಯೂ ಅಷ್ಟಾಗಿ ಫಲಿಸದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಈ ಹಾರ್ಮೋನನ್ನು ತಗ್ಗಿಸುವುದೆಂದು ಇಟಲಿಯ ಬ್ರೆಶಾ ನಗರದ ಸಂಶೋಧಕರು 2011ರಲ್ಲಿ ತೋರಿಸಿದರು. ರಕ್ತಸ್ರಾವದ ಅಪಾಯ ತಗ್ಗುವಂತೆ ಮಾರ್ಪಡಿಸಿದ ಹೆಪಾರಿನ್‌ಗಳೂ ಇಲಿಗಳಲ್ಲಿ ಫಲ ನೀಡಿವೆ. ರಕ್ತಹೀನತೆಗೆ ಇದಿನ್ನೂ ಚಿಕಿತ್ಸೆಯಾಗಿ ಬಂದಿಲ್ಲ.

ಆದುದರಿಂದ ಮಾತ್ರೆ ಸೇವಿಸಿದರೂ ಬಳಲುವ ತೋಟದ ತಾಯಿಯನ್ನು ಸೋಮಾರಿಯೆಂದು ಜರೆಯದಿರೋಣ. ಮೂಲಕಾರಣವನ್ನು ಅರಿಯಲು ವೈದ್ಯರಲ್ಲಿಗೆ ಕರೆದೊಯ್ಯೋಣ.