ಮೂಳೆ ಶಸ್ತ್ರಚಿಕಿತ್ಸೆಯ ನಂತರದ ವಿಮಾನಯಾನ

ಮೂಳೆ ಮುರಿತ ಅಥವಾ ಕೀಲು ಬದಲಾವಣೆಯ ಚಿಕಿತ್ಸೆ ಪಡೆದವರು ವಿಮಾನದಲ್ಲಿ ಪ್ರಯಾಣಿಸುವಾಗ ಮುಖ್ಯವಾಗಿ ಎರಡು ಅಪಾಯಗಳನ್ನು ಎದುರಿಸಬೇಕಾಗುತ್ತದೆ. ಮೊದಲನೆಯದು ಪ್ಲಾಸ್ಟರ್ ಕಟ್ಟಿನೊಳಗೆ ಒತ್ತಡ ಹೆಚ್ಚುವುದು; ಎರಡನೆಯದು ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು. ಮೊದಲನೆಯ ಅಪಾಯವು ಕಟ್ಟು ಹಾಕಿದ ಮೊದಲ ಎರಡು ದಿನಗಳಲ್ಲಿ ಹೆಚ್ಚು. ಎರಡನೆಯದು ನೋವು ಕಡಿಮೆಯಾಗಿ ರೋಗಿಯು ಓಡಾಡತೊಡಗಿದ ಮೇಲೂ ಹಲವು ವಾರಗಳ ಕಾಲ ಉಳಿದಿರುತ್ತದೆ.

ಪ್ಲಾಸ್ಟರ್ ಕಟ್ಟು

ಹಾರಾಟದ ವೇಳೆ ವಿಮಾನದೊಳಗಿನ ಗಾಳಿಯ ಒತ್ತಡವು ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ. ಈ ಕಡಿಮೆ ಒತ್ತಡದಲ್ಲಿ, ಕಟ್ಟಿನೊಳಗೆ ಸಿಲುಕಿದ ಗಾಳಿಯು ಮೂರನೇ ಒಂದು ಭಾಗದವರೆಗೆ ಹಿಗ್ಗಬಲ್ಲದು. ಗಾಯದ ಊತವೂ ಇದರೊಡನೆ ಸೇರಿದರೆ ರಕ್ತಸಂಚಾರಕ್ಕೆ ಅಡ್ಡಿಯಾಗಿ ಸ್ನಾಯು ಮತ್ತು ನರಗಳಿಗೆ ಹಾನಿಯಾಗಬಹುದು. ಆದ್ದರಿಂದ ಕಟ್ಟು ಹಾಕಿದ ನಂತರ ಎರಡು ಗಂಟೆಗಿಂತ ಕಡಿಮೆ ಅವಧಿಯ ಹಾರಾಟಕ್ಕೆ 24 ಗಂಟೆ, ಅದಕ್ಕಿಂತ ದೀರ್ಘವಾದ ಹಾರಾಟಕ್ಕೆ 48 ಗಂಟೆ ಕಾಯಬೇಕೆಂದು ಬಹುತೇಕ ವಿಮಾನಯಾನ ಸಂಸ್ಥೆಗಳು ಸೂಚಿಸುತ್ತವೆ. ತುರ್ತಾಗಿ ಪ್ರಯಾಣಿಸಬೇಕಾದಲ್ಲಿ ವೈದ್ಯರು ಕಟ್ಟನ್ನು ಉದ್ದಕ್ಕೆ ಸೀಳಿ ಸಡಿಲಗೊಳಿಸುತ್ತಾರೆ.

ರಕ್ತ ಹೆಪ್ಪುಗಟ್ಟುವಿಕೆ

ರಕ್ತದ ಹರಿವು ನಿಧಾನವಾಗುವುದು, ರಕ್ತನಾಳಕ್ಕೆ ಪೆಟ್ಟಾಗುವುದು ಮತ್ತು ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚುವುದು ಎಂಬ ಮೂರು ಕಾರಣಗಳನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನಿಂದ ಗುರುತಿಸಲಾಗುತ್ತದೆ. ಸೊಂಟ ಅಥವಾ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನಂತರ ಈ ಮೂರೂ ಒಟ್ಟಿಗೆ ಇರುತ್ತವೆ. ಕಾಲಿನಲ್ಲಿ ಉಂಟಾದ ಹೆಪ್ಪು ಕಳಚಿಕೊಂಡು ಶ್ವಾಸಕೋಶವನ್ನು ತಲುಪಿದರೆ ಪ್ರಾಣಾಪಾಯವಾಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಕುಳಿತು ಪ್ರಯಾಣಿಸಿದಾಗ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಇಮ್ಮಡಿಯಾಗುತ್ತದೆ. ಇದು ವಿಮಾನಕ್ಕೆ ಮಾತ್ರವಲ್ಲದೆ ರೈಲು, ಬಸ್ಸು ಮತ್ತು ಕಾರಿಗೂ ಅನ್ವಯಿಸುತ್ತದೆ. ಆರೋಗ್ಯವಂತರಲ್ಲಿ ಈ ಅಪಾಯ ಸುಮಾರು 6,000ಕ್ಕೆ ಒಂದರಷ್ಟಿದ್ದರೂ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಅದು ಬಹಳ ಹೆಚ್ಚು. ಕೀಲು ಬದಲಾವಣೆಯ ನಂತರ ದೀರ್ಘ ಹಾರಾಟವನ್ನು ಆರು ವಾರಗಳಿಂದ ಮೂರು ತಿಂಗಳವರೆಗೆ ಮುಂದೂಡುವಂತೆ ಅನೇಕ ವೈದ್ಯರು ಸಲಹೆ ನೀಡುತ್ತಾರೆ.

ಮುನ್ನೆಚ್ಚರಿಕೆಗಳು

* ಪ್ರಯಾಣಕ್ಕೆ ಮೊದಲು ಶಸ್ತ್ರಚಿಕಿತ್ಸಕರ ಅನುಮತಿ ಪಡೆಯುವುದು. ವಿಮಾನಯಾನ ಸಂಸ್ಥೆ ಕೇಳಿದಲ್ಲಿ ವೈದ್ಯಕೀಯ ಮಾಹಿತಿ ನಮೂನೆಯನ್ನು ಸಲ್ಲಿಸುವುದು.
* ಗಾಲಿಕುರ್ಚಿ ಮತ್ತು ಕಾಲು ಚಾಚಲು ಅನುಕೂಲವಾದ ಆಸನವನ್ನು ಮುಂಚಿತವಾಗಿ ಕೋರುವುದು. ಊರುಗೋಲು ಬಳಸುವವರಿಗೆ ತುರ್ತು ನಿರ್ಗಮನ ದ್ವಾರದ ಬಳಿಯ ಆಸನ ದೊರೆಯುವುದಿಲ್ಲ.
* ಪಾದಗಳನ್ನು ಆಗಾಗ ಆಡಿಸುವುದು, ಸಾಕಷ್ಟು ನೀರು ಕುಡಿಯುವುದು.
* ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಮತ್ತು ಬಿಗಿ ಕಾಲುಚೀಲಗಳನ್ನು ವೈದ್ಯರ ಸಲಹೆಯ ಮೇರೆಗೆ ಮಾತ್ರ ಬಳಸುವುದು.
* ದೇಹದೊಳಗಿನ ಲೋಹದ ಕೀಲು ಅಥವಾ ಸಲಾಕೆಯ ಬಗ್ಗೆ ಭದ್ರತಾ ತಪಾಸಣೆಯ ಆರಂಭದಲ್ಲಿಯೇ ತಿಳಿಸುವುದು.

ಅಪಾಯದ ಸೂಚನೆಗಳು

ಕಟ್ಟಿನೊಳಗೆ ಹೆಚ್ಚುತ್ತಿರುವ ನೋವು, ಬೆರಳುಗಳು ಮರಗಟ್ಟುವುದು ಅಥವಾ ನೀಲಿಗಟ್ಟುವುದು ಕಂಡುಬಂದರೆ ಕೂಡಲೇ ವಿಮಾನದ ಸಿಬ್ಬಂದಿಗೆ ತಿಳಿಸಬೇಕು. ಮೀನಖಂಡದಲ್ಲಿ ಊತ ಮತ್ತು ನೋವು, ಹಠಾತ್ ಉಸಿರಾಟದ ತೊಂದರೆ ಅಥವಾ ಎದೆನೋವು ರಕ್ತ ಹೆಪ್ಪುಗಟ್ಟಿರುವುದರ ಲಕ್ಷಣಗಳಾಗಿರಬಹುದು. ಇವು ಪ್ರಯಾಣ ಮುಗಿದ ಕೆಲವು ದಿನ ಅಥವಾ ವಾರಗಳ ನಂತರವೂ ಕಾಣಿಸಿಕೊಳ್ಳುವುದುಂಟು. ಆಗ ತಡಮಾಡದೆ ಆಸ್ಪತ್ರೆಗೆ ಹೋಗುವುದು ಅಗತ್ಯ.