ರಿಪೇರಿಯಾದ ಪಂಪು ಇಂಜಿನ್ನನ್ನು ಪಳಗಿಸುವ ಕ್ರಮ

ನೀರೆತ್ತುವ ಡೀಸೆಲ್ ಇಂಜಿನ್ನನ್ನು ಬಿಚ್ಚಿ, ಸಿಲಿಂಡರನ್ನು ಕೊರೆಯಿಸಿ, ಹೊಸ ಪಿಸ್ಟನ್ನನ್ನೂ ರಿಂಗುಗಳನ್ನೂ ಹಾಕಿಸಿದೊಡನೆ ರಿಪೇರಿ ಮುಗಿಯಿತೆಂದು ರೈತರು ಭಾವಿಸುವುದುಂಟು. ವಾಸ್ತವವಾಗಿ ಇಂಜಿನ್ನಿನ ಆಯುಸ್ಸು ನಿಷ್ಕರ್ಷೆಯಾಗುವುದು ಅದರ ನಂತರದ ಕೆಲವು ಗಂಟೆಗಳಲ್ಲಿ.

ಹೊಸದಾಗಿ ಕೊರೆದ ಸಿಲಿಂಡರಿನ ಒಳಮೈಯಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ. ಇವುಗಳ ಏಣನ್ನು ಸವೆಯಿಸಿ ರಿಂಗುಗಳು ಗೋಡೆಗೆ ಹೊಂದಿಕೊಳ್ಳಬೇಕು. ಡೀಸೆಲ್ ಉರಿದಾಗ ರಿಂಗಿನ ಹಿಂದಕ್ಕೆ ನುಗ್ಗುವ ಅನಿಲದ ಒತ್ತಡವೇ ಮುಖ್ಯವಾಗಿ ಅದನ್ನು ಗೋಡೆಗೆ ಒತ್ತುವುದು. ಹೊರೆಯಿಲ್ಲದೆ ಬಹಳ ಹೊತ್ತು ನಡೆಯಿಸಿದರೆ ಈ ಒತ್ತಡ ಸಾಲದೆ, ಗೋಡೆಯು ಗಾಜಿನಂತೆ ಹೊಳಪೇರಿ, ಆಯಿಲು ಮೇಲೇರಿ ಉರಿಯತೊಡಗುವುದು. ಮೊದಲಿಗೇ ಪೂರ್ಣ ಹೊರೆ ಹೊರಿಸಿದರೆ ಪಿಸ್ಟನ್ ಕಾದು ಹಿಗ್ಗಿ ಹಿಡಿದುಕೊಳ್ಳಬಹುದು. ಎರಡೂ ಅನರ್ಥವೇ.

ಚಾಲನೆಗೆ ಮುನ್ನ ಅಳತೆಕಡ್ಡಿಯ ಗುರುತಿನವರೆಗೆ ಆಯಿಲು ತುಂಬಿ, ಡೀಸೆಲ್ ಕೊಳವೆಯ ಗಾಳಿಯನ್ನು ತೆಗೆಯತಕ್ಕದ್ದು. ಡೀಸೆಲ್ ನಿಲ್ಲಿಸಿ, ಡಿಕಂಪ್ರೆಷನ್ ಲಿವರನ್ನು ಎತ್ತಿ, ಹ್ಯಾಂಡಲಿನಿಂದ ಹಲವು ಸುತ್ತು ತಿರುಗಿಸಿದರೆ ಆಯಿಲು ಬೇರಿಂಗುಗಳಿಗೆ ಮುಟ್ಟುವುದು. ಇಂಜಿನ್ ಹೊರಟ ಕೂಡಲೆ ಆಯಿಲಿನ ಒತ್ತಡವನ್ನೂ ತಂಪುನೀರಿನ ಹರಿವನ್ನೂ ನೋಡಬೇಕು. ಒಂದು ಕಾಣದಿದ್ದರೂ ಒಡನೆಯೇ ನಿಲ್ಲಿಸತಕ್ಕದ್ದು. ಕಾದ ಇಂಜಿನ್ನಿಗೆ ತಣ್ಣೀರು ಸುರಿಯಕೂಡದು, ಹೆಡ್ಡು ಸೀಳೀತು.

ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ನೀರು ಹೊರಡುವ ಕೊಳವೆಯ ವಾಲ್ವನ್ನು ಅರೆಮುಚ್ಚಿದರೆ ಹೊರೆ ತಗ್ಗುವುದು. ಪೂರಾ ಮುಚ್ಚಿ ನಡೆಯಿಸಿದರೆ ಪಂಪಿನೊಳಗಿನ ನೀರೇ ಕಾಯುವುದರಿಂದ ಹಾಗೆ ಮಾಡಕೂಡದು. ಮೊದಲು ಸುಮಾರು 30 ನಿಮಿಷ ಅರೆಹೊರೆಯಲ್ಲಿ ನಡೆಯಿಸಿ, ನಿಲ್ಲಿಸಿ, ಆರಿದ ಮೇಲೆ ಸೋರಿಕೆಗಳನ್ನು ಪರೀಕ್ಷಿಸಬೇಕು. ಬಳಿಕ ದಿನದಿನಕ್ಕೆ ವಾಲ್ವನ್ನು ಹೆಚ್ಚು ಹೆಚ್ಚಾಗಿ ತೆರೆಯುತ್ತ ಬರಬೇಕು. ಕಪ್ಪು ಹೊಗೆಯು ಸಾಮಾನ್ಯವಾಗಿ ಅತಿಹೊರೆಯ ಗುರುತು. ನೀಲಿ ಹೊಗೆಯು ಆಯಿಲು ಉರಿಯುವುದರ ಗುರುತು. ಮೊದಲಲ್ಲಿ ಕಂಡ ನೀಲಿ ಹೊಗೆಯು ಕ್ರಮೇಣ ಅಡಗದಿದ್ದರೆ ಮೇಸ್ತ್ರಿಗೆ ತೋರಿಸಬೇಕು.

ಸವೆದ ಲೋಹದ ಪುಡಿ ಆಯಿಲಿನಲ್ಲಿಯೇ ಕೂಡಿಕೊಳ್ಳುವುದರಿಂದ, ಮೊದಲ ಆಯಿಲನ್ನು ತಯಾರಕರು ಹೇಳಿದ ಅವಧಿಗೆ, ಅದು ತಿಳಿಯದಿದ್ದಲ್ಲಿ ಸುಮಾರು 25 ಗಂಟೆಗಳ ಒಳಗೆ, ಬಿಸಿಯಿರುವಾಗಲೇ ಬಸಿದು ಹೊಸದನ್ನು ತುಂಬತಕ್ಕದ್ದು. ಟ್ಯಾಪೆಟ್ಟಿನ ಸಂದನ್ನೂ ಆಗಲೇ ಸರಿನೋಡಿಸುವುದು ಲೇಸು.

ಪೈರು ಬಾಡುತ್ತಿರುವಾಗ ರಿಪೇರಿ ಮಾಡಿಸಿದವನಿಗೆ ಇಷ್ಟು ತಾಳ್ಮೆ ಬಾರದು. ಇಂಜಿನ್ನನ್ನು ಹಗಲಿರುಳೂ ದುಡಿಸದೆ ಅವನಿಗೆ ಗತಿಯಿಲ್ಲ. ಆದುದರಿಂದ ಈ ಕೆಲಸವನ್ನು ಮಳೆಗಾಲದಲ್ಲಿಯೇ ಮುಗಿಸಿಕೊಳ್ಳುವುದು ವಿವೇಕ. ಹಲವರು ಕೂಡಿ ಬಳಸುವ ಇಂಜಿನ್ನಾದರೆ, ಅದು ಪಳಗುವವರೆಗೆ ಒಬ್ಬನ ಕೈಯಲ್ಲಿಯೇ ಇರುವಂತೆ ಗ್ರಾಮದ ಮುಖಂಡರು ಏರ್ಪಡಿಸತಕ್ಕದ್ದು.